‘ಹುಚ್ಚ ಹಂತಕ’ ಅನ್ನುವ ಮೊದಲು: ಕನ್ನಡದ ಸುದ್ದಿಮನೆಗಳಿಗೆ ಒಂದು ಬಹಿರಂಗ ಪತ್ರ

ಕನ್ನಡದ ಪತ್ರಿಕೆ ಮತ್ತು ಟಿವಿ ಚಾನೆಲ್‌ಗಳ ಸಂಪಾದಕರೇ,

ನಮಸ್ಕಾರ.

ನಾನು ತಿಪಟೂರು ಕಡೆಯವಳು. ತೋಟದ ಮನೆ. ಮನೆಯಲ್ಲಿ ಅಮ್ಮ, ನಾನು, ನನ್ನ ತಮ್ಮ. ತಮ್ಮನಿಗೆ ಸ್ಕಿಜೋಫ್ರೇನಿಯಾ ಎಂಬ ಮನಸ್ಸಿನ ಕಾಯಿಲೆ ಇದೆ. ಇಪ್ಪತ್ತು ವರ್ಷ ದಾಟಿತು. ಮಾತ್ರೆ ತಪ್ಪಿಸುವುದಿಲ್ಲ. ತೋಟಕ್ಕೆ ನೀರು ಬಿಡುವುದು, ಬಿದ್ದ ಕಾಯಿ ಆರಿಸುವುದು, ಲೆಕ್ಕ ಇಡುವುದು ಎಲ್ಲ ಅವನದೇ ಕೆಲಸ. ಯಾವ ಸಾಲಿನಲ್ಲಿ ಎಷ್ಟು ಕಾಯಿ ಬಿತ್ತು ಅಂತ ಪುಸ್ತಕ ನೋಡದೆ ಹೇಳುತ್ತಾನೆ.

2011ರ ನವೆಂಬರ್ 29ರ ರಾತ್ರಿ ಊಟಕ್ಕೆ ಕೂತಿದ್ದೆವು. ಟಿವಿಯಲ್ಲಿ ನಾರ್ವೆ ದೇಶದ ಸುದ್ದಿ ಬಂತು. 77 ಜನರನ್ನು ಕೊಂದವನಿಗೆ ಸ್ಕಿಜೋಫ್ರೇನಿಯಾ ಇದೆ ಅಂತ ವೈದ್ಯರು ವರದಿ ಕೊಟ್ಟಿದ್ದಾರೆ ಅಂದರು. ಕೆಳಗೆ ಕೆಂಪು ಪಟ್ಟಿಯಲ್ಲಿ ‘ಹುಚ್ಚ ಹಂತಕ’ ಅಂತ ಓಡುತ್ತಿತ್ತು. ಮುದ್ದೆ ಮುರಿಯುತ್ತಿದ್ದ ತಮ್ಮ ಹಾಗೇ ಕೈ ನಿಲ್ಲಿಸಿದ.

“ಅಕ್ಕ, ನನಗಿರೋದೂ ಅದೇ ಅಲ್ವಾ?”

“ಹೆಸರು ಅದೇ ಕಣೋ. ನೀನು ಊಟ ಮಾಡು” ಅಂದೆ. ಅದಕ್ಕಿಂತ ಒಳ್ಳೆಯ ಉತ್ತರ ಆಗ ನನಗೆ ಹೊಳೆಯಲಿಲ್ಲ.

ಅವನು ಎದ್ದು ಕೈ ತೊಳೆದ. ಹಿತ್ತಲಿಗೆ ಹೋಗಿ ಎಳನೀರು ಕೊಚ್ಚುವ ಮಚ್ಚು ತಂದು ಅಮ್ಮನ ಕೈಗೆ ಕೊಟ್ಟ. “ಬೀರುವಿನಲ್ಲಿಟ್ಟು ಬೀಗ ಹಾಕಮ್ಮ” ಅಂದ. ಯಾರ ಮೇಲೂ ಕೈ ಎತ್ತಿದವನಲ್ಲ ಅವನು. ಕಾಯಿಲೆ ಜೋರಾಗಿದ್ದ ದಿನಗಳಲ್ಲೂ ತಾನೇ ಮೂಲೆಯಲ್ಲಿ ಮುದುರಿ ಕೂರುತ್ತಿದ್ದ ಅಷ್ಟೇ.

ಆ ರಾತ್ರಿಯಿಂದ ಆ ಮೊಕದ್ದಮೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ನಾನು ವಕೀಲೆಯಲ್ಲ, ಡಾಕ್ಟರೂ ಅಲ್ಲ. ತಮ್ಮನಿಗೆ ಏನಂತ ಉತ್ತರ ಕೊಡಬೇಕಿತ್ತು ಅಂತ ತಿಳಿಯೋಕೆ ಓದಿದೆ. ಇವತ್ತಿಗೂ ಲೋಕದ ಯಾವ ಮೂಲೆಯಲ್ಲಿ ಒಬ್ಬ ಹತ್ತಾರು ಜನರನ್ನು ಕೊಂದರೂ ನಿಮ್ಮ ಪರದೆ ಮೇಲೆ ಅದೇ ಎರಡು ಪ್ರಶ್ನೆ ಏಳುತ್ತವೆ. ಹುಚ್ಚನಾ? ಯಾವ ಧರ್ಮದವನು? ಹತ್ತು ನಿಮಿಷದಲ್ಲಿ ಉತ್ತರವೂ ಬಂದುಬಿಡುತ್ತದೆ. ನಾರ್ವೆಯ ರಾಜಧಾನಿ ಓಸ್ಲೋದ ನ್ಯಾಯಾಲಯ ಅದೇ ಪ್ರಶ್ನೆಗಳಿಗೆ ಹತ್ತು ವಾರ ವಿಚಾರಣೆ ನಡೆಸಿತು. ಆ ಹತ್ತು ವಾರದ ಕಥೆಯನ್ನು ನಿಮಗೆ ಹೇಳಬೇಕು ಅಂತ ಈ ಪತ್ರ.

ನಡೆದದ್ದನ್ನು ಬೇಗ ಹೇಳಿಬಿಡುತ್ತೇನೆ. 2011ರ ಜುಲೈ 22, ಶುಕ್ರವಾರ. ಓಸ್ಲೋದ ಸರ್ಕಾರಿ ಕಚೇರಿಗಳ ಮುಂದೆ ಒಂದು ವ್ಯಾನ್ ಸ್ಫೋಟವಾಯಿತು. 8 ಜನ ಸತ್ತರು. ಬಾಂಬಿಟ್ಟವನು ಪೊಲೀಸ್ ವೇಷದಲ್ಲೇ ಅಲ್ಲಿಂದ ಉಟೋಯಾ ಎಂಬ ಪುಟ್ಟ ದ್ವೀಪಕ್ಕೆ ಹೋದ. ಅಲ್ಲಿ ಆಳುವ ಲೇಬರ್ ಪಕ್ಷದ ಯುವ ಘಟಕದ ಬೇಸಿಗೆ ಶಿಬಿರ ನಡೆಯುತ್ತಿತ್ತು. ಒಂದು ಗಂಟೆಗೂ ಜಾಸ್ತಿ ಹೊತ್ತು ಗುಂಡು ಹಾರಿಸಿ 69 ಜನರನ್ನು ಕೊಂದ. ಹೆಚ್ಚಿನವರು ಹದಿಹರೆಯದ ಮಕ್ಕಳು. ಎಲ್ಲರಿಗಿಂತ ಚಿಕ್ಕವರಿಗೆ 14 ವರ್ಷ. ಪೊಲೀಸರು ಬಂದಾಗ ಶರಣಾದ. ಹೆಸರು ಆಂಡರ್ಸ್ ಬೆಹ್ರಿಂಗ್ ಬ್ರೇವಿಕ್, ವಯಸ್ಸು 32. ಹೆಸರನ್ನು ಒಮ್ಮೆ ಬರೆದಿದ್ದೇನೆ, ಸಾಕು.

ಬಾಂಬಿಗೆ ಬೇಕಾದ ಗೊಬ್ಬರ ಕೊಳ್ಳುವಾಗ ಯಾರಿಗೂ ಅನುಮಾನ ಬಾರದಿರಲಿ ಅಂತ ಅವನು ಒಂದು ಹೊಲದ ಮನೆಯನ್ನೇ ಬಾಡಿಗೆಗೆ ಹಿಡಿದಿದ್ದ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಗೊಬ್ಬರದ ಮೂಟೆ ನಮ್ಮ ಮನೆಗೂ ಬರುತ್ತದೆ. ಅಷ್ಟು ದೂರ ಯೋಚಿಸಿ, ತಿಂಗಳುಗಟ್ಟಲೆ ಒಬ್ಬನೇ ಕೂತು ಲೆಕ್ಕ ಹಾಕಿ, ತೂಕ ಮಾಡಿ, ಬೆರೆಸಿ ತಯಾರಿ ನಡೆಸಿದ್ದ.

ಈಗ ಮೊದಲ ಕೆಲವು ಗಂಟೆಗಳ ವಿಷಯ. ಓಸ್ಲೋದಲ್ಲಿ ಸ್ಫೋಟವಾದಾಗ ನಮ್ಮಲ್ಲಿ ಸಂಜೆ ಏಳರ ಹೊತ್ತು. ಒಂಬತ್ತು ದಿನ ಮೊದಲಷ್ಟೇ ಮುಂಬೈಯಲ್ಲಿ ಸರಣಿ ಸ್ಫೋಟ ನಡೆದಿತ್ತು. ಅನುಮಾನ ಯಾವ ಕಡೆ ತಿರುಗಿತು ಅಂತ ನಿಮಗೆ ನೆನಪಿರಬಹುದು. ಲೋಕದ ದೊಡ್ಡ ದೊಡ್ಡ ಚಾನೆಲ್‌ಗಳಲ್ಲಿ ಪರಿಣತರು ಕೂತು ಇದು ಇಸ್ಲಾಮಿ ಉಗ್ರರ ಕೆಲಸವೇ ಇರಬೇಕು ಅಂದರು. ಆ ಸಂಜೆ ಓಸ್ಲೋದ ಬೀದಿಗಳಲ್ಲಿ ಮುಸ್ಲಿಮರಂತೆ ಕಂಡವರನ್ನು ಜನ ಬೈದರು, ಅಟ್ಟಿಸಿದರು. ಆ ದ್ವೀಪದಲ್ಲಿ ಸಾಯುತ್ತಿದ್ದ ಮಕ್ಕಳಲ್ಲಿ ಮುಸ್ಲಿಂ ಮನೆಯ ಮಕ್ಕಳೂ ಇದ್ದರು.

ಮರುದಿನ ಮಾತು ತಿರುಗಿತು. ಪೊಲೀಸ್ ಅಧಿಕಾರಿಯೊಬ್ಬರು ಅವನನ್ನು ಕ್ರೈಸ್ತ ಮೂಲಭೂತವಾದಿ ಅಂದರು. ಎಲ್ಲ ಕಡೆ ಅದೇ ತಲೆಬರಹ. ಆದರೆ ಅವನೇ ಬರೆದ ಸುಮಾರು 1,500 ಪುಟದ ಕಡತದಲ್ಲಿ ಬೇರೆ ಮಾತಿತ್ತು. ತನಗೆ ಏಸುವಿನ ಜೊತೆಗಾಗಲಿ ದೇವರ ಜೊತೆಗಾಗಲಿ ಆಳವಾದ ನಂಬಿಕೆಯ ನಂಟಿಲ್ಲ, ತಾನು ಸಂಸ್ಕೃತಿಯಿಂದ ಮಾತ್ರ ಕ್ರೈಸ್ತ ಅಂತ ಅದರಲ್ಲಿ ಹೇಳಿಕೊಂಡಿದ್ದ. ಧರ್ಮ ಅವನಿಗೆ ಬಾವುಟದ ಕೋಲಿನ ಹಾಗಿತ್ತು, ಅಷ್ಟೇ. ಜೈಲಿಗೆ ಹೋದ ಮೇಲೆ ಅದನ್ನೂ ಬಿಟ್ಟ. ತಾನು ಉತ್ತರ ದೇಶದ ಹಳೆಯ ದೇವರು ಓಡಿನ್‌ನ ಭಕ್ತ ಅಂದ. ದೇವರು ಬದಲಾದರೂ ದ್ವೇಷ ಮಾತ್ರ ಇದ್ದಲ್ಲೇ ಇತ್ತು.

ಧರ್ಮಕ್ಕೆ ಏನೂ ಸಂಬಂಧವಿಲ್ಲ ಅಂತ ನಾನು ಹೇಳುತ್ತಿಲ್ಲ. ಅವನು ಕ್ರುಸೇಡ್ ಯುದ್ಧಗಳ ಮಾತು, ಶಿಲುಬೆಯ ಚಿತ್ರ, ‘ನೈಟ್ಸ್ ಟೆಂಪ್ಲರ್’ ಎಂಬ ಹಳೆಯ ಪಡೆಯ ಹೆಸರು ಎಲ್ಲವನ್ನೂ ಬಳಸಿಕೊಂಡ. ಅದನ್ನು ಚರ್ಚಿಸಲೇಬೇಕು. ಆದರೆ ಬಳಸಿಕೊಂಡವನ ಪಾಪವನ್ನು ನಂಬಿದವರ ತಲೆಗೆ ಕಟ್ಟೋದು ಸರಿಯಲ್ಲ. ಆಮೇಲೆ ಒಂದು ಅಂತ್ಯಕ್ರಿಯೆ ನಡೆಯಿತು. ಸತ್ತದ್ದು ಒಬ್ಬ ಮುಸ್ಲಿಂ ಹುಡುಗಿ. ಚರ್ಚಿನಿಂದ ಶವಪೆಟ್ಟಿಗೆ ಹೊರಗೆ ಬಂದಾಗ ಪಾದ್ರಿ ಮತ್ತು ಇಮಾಮ್ ಅಕ್ಕಪಕ್ಕ ನಡೆದು ಬಂದರು. ಆ ಫೋಟೋವನ್ನು ನಾನು ತುಂಬಾ ಹೊತ್ತು ನೋಡಿದ್ದೇನೆ. ಆ ಘಟನೆಯಲ್ಲಿ ಧರ್ಮ ಎಲ್ಲಿತ್ತು ಅಂತ ಕೇಳಿದರೆ ನಾನು ಆ ಫೋಟೋವನ್ನೂ ತೋರಿಸುತ್ತೇನೆ.

ಇದರಲ್ಲಿ ನಮ್ಮ ದೇಶದ ಹೆಸರೂ ಇದೆ. ಆ ಕಡತದಲ್ಲಿ ಭಾರತದ ಬಗ್ಗೆ ಬೇಕಾದಷ್ಟು ಬರೆದಿದ್ದ. ಇಲ್ಲಿನ ಹಿಂದೂ ರಾಷ್ಟ್ರವಾದಿ ಚಳವಳಿಯನ್ನು ಹೊಗಳಿ ತನ್ನ ಜೊತೆಗಾರರೆಂದು ಎಣಿಸಿಕೊಂಡಿದ್ದ. ಅವರಿಗೂ ಅವನಿಗೂ ಸಂಬಂಧ ಇತ್ತು ಅಂತ ಇದರ ಅರ್ಥ ಅಲ್ಲ. ತನ್ನ ಹಗೆಗೆ ಎಲ್ಲೆಲ್ಲಿಂದ ಬಲ ಸಿಗಬಹುದು ಅಂತ ಲೋಕವೆಲ್ಲ ತಡಕಾಡಿದ್ದ ಅನ್ನೋದು ಮಾತ್ರ ನಿಜ. ತನ್ನ ಪಡೆಗೆ ಅಂತ ಒಂದು ಬ್ಯಾಡ್ಜನ್ನೂ ಯೋಚಿಸಿದ್ದ. ತಲೆಬುರುಡೆ, ಅದರ ಹಣೆಯ ಮೇಲೆ ಇಸ್ಲಾಂ ಮುಂತಾದವುಗಳ ಗುರುತು, ಅದಕ್ಕೆ ಚುಚ್ಚಿದ ಶಿಲುಬೆಯ ಕತ್ತಿ. ಅದರ ಮಾದರಿಯನ್ನು ಕಾಶಿಯಿಂದ ತರಿಸಿಕೊಂಡಿದ್ದ. ಮಾಡಿಕೊಟ್ಟವರು ಅಲ್ಲಿನ ಮುಸ್ಲಿಂ ಕೈಕಸುಬಿನವರು. ಯಾರಿಗೆ, ಯಾತಕ್ಕೆ ಅಂತ ಅವರಿಗೇನು ಗೊತ್ತು? ಬಂದ ಆರ್ಡರ್ ಮಾಡಿಕೊಟ್ಟರು.

ಇನ್ನು ಹುಚ್ಚಿನ ಪ್ರಶ್ನೆ. ನಾನು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲೇ.

ನ್ಯಾಯಾಲಯ ಮೊದಲು ಇಬ್ಬರು ಮನೋವೈದ್ಯರನ್ನು ನೇಮಿಸಿತು. ಸಿನ್ನೆ ಸೋರ್‌ಹೈಮ್ ಮತ್ತು ಟೋರ್ಗೈರ್ ಹುಸ್ಬಿ. ಅವರು ಅವನ ಜೊತೆ 13 ಸಲ ಕೂತು, ಒಟ್ಟು 36 ಗಂಟೆ ಮಾತಾಡಿ, 243 ಪುಟದ ವರದಿ ಕೊಟ್ಟರು. ಅವನಿಗೆ ಪ್ಯಾರನಾಯ್ಡ್ ಸ್ಕಿಜೋಫ್ರೇನಿಯಾ ಇದೆ, ಕೊಲ್ಲುವಾಗ ಅವನ ಮನಸ್ಸು ಸ್ವಸ್ಥವಾಗಿರಲಿಲ್ಲ ಅಂದರು. ಯಾರು ಬದುಕಬೇಕು, ಯಾರು ಸಾಯಬೇಕು ಅಂತ ನಿರ್ಧರಿಸುವ ಅಧಿಕಾರ ತನಗಿದೆ ಅಂತ ಅವನು ನಂಬಿದ್ದ. ಇಲ್ಲದ ಒಂದು ಪಡೆಯಲ್ಲಿ ತನಗೆ ದೊಡ್ಡ ಪದವಿ ಇದೆ ಅನ್ನುತ್ತಿದ್ದ. ವಿಚಿತ್ರ ಪದಗಳನ್ನು ಆಡುತ್ತಿದ್ದ. ಇವೆಲ್ಲ ಕಾಯಿಲೆಯ ಲಕ್ಷಣ ಅಂತ ಅವರು ಬರೆದರು.

ದೇಶದಲ್ಲಿ ಗಲಾಟೆ ಎದ್ದಿತು. ಮಕ್ಕಳನ್ನು ಕಳೆದುಕೊಂಡವರು, ಬದುಕಿ ಬಂದವರು, ಬೇರೆ ಮನೋವೈದ್ಯರು ಎಲ್ಲ ಪ್ರಶ್ನೆ ಎತ್ತಿದರು. 2012ರ ಜನವರಿಯಲ್ಲಿ ನ್ಯಾಯಾಲಯ ಇನ್ನಿಬ್ಬರನ್ನು ನೇಮಿಸಿತು. ಆಗ್ನಾರ್ ಆಸ್ಪಾಸ್ ಮತ್ತು ತೆರ್ಯೆ ಟೋರಿಸೆನ್. ಈ ಸಲ ಜೈಲಿನಲ್ಲಿ ಕೆಲವು ವಾರ ಹಗಲೂ ರಾತ್ರಿ ಅವನ ಮೇಲೆ ಕಣ್ಣಿಟ್ಟು ನೋಡಿದರು. ಏಪ್ರಿಲ್ 10ರಂದು, ವಿಚಾರಣೆ ಶುರುವಾಗಲು ಆರು ದಿನ ಇರುವಾಗ, ಎರಡನೇ ವರದಿ ಬಂತು. ಅವನು ಸೈಕೋಸಿಸ್‌ನಲ್ಲಿ, ಅಂದರೆ ನಿಜ ಯಾವುದು ಭ್ರಮೆ ಯಾವುದು ಅಂತ ತಿಳಿಯದ ಸ್ಥಿತಿಯಲ್ಲಿ, ಇರಲಿಲ್ಲ ಅಂದರು. ತಾನೇ ದೊಡ್ಡವನೆಂಬ ಅಹಂಕಾರ ವಿಪರೀತ, ಬೇರೆಯವರ ನೋವು ತಟ್ಟದ ಸ್ವಭಾವ. ವ್ಯಕ್ತಿತ್ವದ ದೋಷ ಇದೆ. ಆದರೆ ತಾನು ಮಾಡುತ್ತಿರುವುದು ಅವನಿಗೆ ತಿಳಿದಿತ್ತು.

ಒಬ್ಬನೇ ಮನುಷ್ಯ, ನಾಲ್ವರು ಡಾಕ್ಟರು, ಎರಡು ಉತ್ತರ. ಇದನ್ನು ಓದಿ ನನಗೆ ವೈದ್ಯರ ಮೇಲೆ ಸಿಟ್ಟು ಬರಲಿಲ್ಲ. ತಮ್ಮನ ಕಾಯಿಲೆ ಏನು ಅಂತ ಗೊತ್ತಾಗೋಕೆ ನಮಗೂ ಎರಡು ವರ್ಷ ಹಿಡಿದಿತ್ತು. ದೇವಸ್ಥಾನ, ತಾಯತ ಎಲ್ಲ ಮುಗಿಸಿ ಕೊನೆಗೆ ನಿಮ್ಹಾನ್ಸ್‌ಗೆ ಹೋದದ್ದು ನಾವು. ಮನಸ್ಸಿನೊಳಗೆ ಇಣುಕಿ ನೋಡೋದು ಎಕ್ಸ್‌ರೇ ತೆಗೆದ ಹಾಗಲ್ಲ.

ಆದರೆ ನ್ಯಾಯಾಲಯದಲ್ಲಿ ಎತ್ತಿದ ಒಂದು ಮಾತು ನನಗೆ ದಾರಿ ತೋರಿಸಿತು. ಮೊದಲ ವೈದ್ಯರು ಕಾಯಿಲೆಯ ಲಕ್ಷಣ ಅಂದುಕೊಂಡ ಮಾತುಗಳನ್ನು ಬಲಪಂಥೀಯ ಉಗ್ರರ ಬಗ್ಗೆ ಅಧ್ಯಯನ ಮಾಡಿದವರ ಮುಂದಿಟ್ಟರು. ಅವರು, ಇದೇನೂ ಹೊಸದಲ್ಲ, ಈ ಮಾತು ಆಡುವವರು ಬಹಳ ಜನ ಇದ್ದಾರೆ ಅಂದರು. ಯುರೋಪನ್ನು ಮುಸ್ಲಿಮರಿಗೆ ಒಪ್ಪಿಸಲು ಆಳುವವರೇ ಸಂಚು ಮಾಡಿದ್ದಾರೆ ಅನ್ನುವ ‘ಯುರೇಬಿಯಾ’ ಎಂಬ ಕಲ್ಪನೆ ಅವನ ತಲೆಯಲ್ಲಿ ಹುಟ್ಟಿದ್ದಲ್ಲ. ಪುಸ್ತಕಗಳಲ್ಲಿ ಇತ್ತು, ಇಂಟರ್ನೆಟ್ಟಿನಲ್ಲಿ ಇತ್ತು. ಅವನ ಕಡತದ ಬಹುಪಾಲು ಬೇರೆಯವರ ಬರಹದ ನಕಲು. ಅಂಚೆಯಲ್ಲಿ ಬಾಂಬ್ ಕಳಿಸಿ ಜನರನ್ನು ಕೊಂದ ಅಮೆರಿಕದ ‘ಯೂನಾಬಾಂಬರ್’ ಬರೆದದ್ದರಿಂದಲೂ ಕೆಲವು ಭಾಗ ಎತ್ತಿ, ಅಲ್ಲಲ್ಲಿ ಪದ ಬದಲಾಯಿಸಿ, ತನ್ನದೆಂಬಂತೆ ಸೇರಿಸಿಕೊಂಡಿದ್ದ.

ಇಲ್ಲಿ ನನ್ನ ತಮ್ಮನ ಕಥೆ ಹೇಳುತ್ತೇನೆ. ಹೇಳಬಹುದು ಅಂತ ಅವನೇ ಒಪ್ಪಿದ್ದಾನೆ.

ಕಾಯಿಲೆ ಶುರುವಾದಾಗ ನಮ್ಮ ತೋಟದ ಮೂಲೆಯ ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ತನ್ನ ಹೆಸರು ಹಿಡಿದು ಕರೆಯುತ್ತದೆ ಅನ್ನುತ್ತಿದ್ದ. ರಾತ್ರಿ ಅದರ ಗುಂಯ್ ಅನ್ನೋ ಸದ್ದಿನಲ್ಲಿ ಅವನಿಗೆ ಮಾತು ಕೇಳುತ್ತಿತ್ತು. ಲೈನ್‌ಮನ್ ತನ್ನ ಯೋಚನೆಗಳನ್ನು ತಂತಿಯಲ್ಲಿ ಕಳಿಸುತ್ತಾನೆ ಅಂತ ಹೆದರುತ್ತಿದ್ದ. ಅದನ್ನು ನಂಬಿದ್ದವನು ಲೋಕದಲ್ಲಿ ಅವನೊಬ್ಬನೇ. ಅವನ ಜೀವಕ್ಕೆ ಜೀವವಾಗಿದ್ದ ಅಮ್ಮ ಕೂಡ ನಂಬಲಿಲ್ಲ. ಯಾರೂ ಅದನ್ನು ಬರೆದು ಹಂಚಲಿಲ್ಲ. ಯಾರೂ ಓದಿ ಭೇಷ್ ಅನ್ನಲಿಲ್ಲ. ಆ ಒಂಟಿತನ ಎಂಥದ್ದು ಅಂತ ಪಕ್ಕದಲ್ಲಿ ಕೂತು ನೋಡಿದವಳು ನಾನು. ಟಿಸಿ ಕಡೆ ಬೆರಳು ತೋರಿಸಿ “ಈಗ ಕೇಳಿಸ್ತಾ ಅಕ್ಕ?” ಅನ್ನುತ್ತಿದ್ದ. ಇಲ್ಲ ಅಂದರೆ ಅವನ ಮುಖ ಸಣ್ಣದಾಗುತ್ತಿತ್ತು.

ಆ ಕೊಲೆಗಾರನ ನಂಬಿಕೆಗೆ ನೆಂಟರಿದ್ದರು. ಮೊದಲೂ ಇದ್ದರು, ಆಮೇಲೂ ಹುಟ್ಟಿಕೊಂಡರು. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಎರಡು ಮಸೀದಿಗಳಲ್ಲಿ 51 ಜನರನ್ನು ಕೊಂದವನು, ತನಗೆ ಸ್ಫೂರ್ತಿ ಈ ನಾರ್ವೆಯವನೇ ಅಂತ ಬರೆದಿದ್ದ. ನಾರ್ವೆಯಲ್ಲೇ ಅದೇ ವರ್ಷ ಆಗಸ್ಟ್‌ನಲ್ಲಿ ಇನ್ನೊಬ್ಬ ತನ್ನ ಮಲತಂಗಿಯನ್ನು ಕೊಂದು, ಬಂದೂಕು ಹಿಡಿದು ಮಸೀದಿಗೆ ನುಗ್ಗಿದ. ನನ್ನ ತಮ್ಮನ ಟಿಸಿಯನ್ನು ನಂಬಿ ಯಾರಾದರೂ ಹೊರಟರಾ?

ಅವನನ್ನು ಹುಚ್ಚ ಅಂದುಬಿಟ್ಟರೆ ಆ ನೆಂಟರೆಲ್ಲ ಬಚಾವಾಗುತ್ತಾರೆ. ಬರೆದವರು, ಹಂಚಿದವರು, ಊಟದ ಮೇಜಿನಲ್ಲಿ ತಲೆ ಅಲ್ಲಾಡಿಸಿದವರು, ಯಾರೂ ಏನೂ ಕೇಳಿಕೊಳ್ಳಬೇಕಾಗಿಲ್ಲ. ಅವನ ಪಾಪದ ಹೊರೆ ಮಾತ್ರ ತಿಂಗಳಿಗೊಮ್ಮೆ ಮಾತ್ರೆಗೆ ಕ್ಯೂ ನಿಲ್ಲುವವರ ಹೆಗಲಿಗೆ ಬೀಳುತ್ತದೆ. ನಮ್ಮ ಮನೆಯಲ್ಲಿ ಬಿದ್ದ ಹಾಗೆ.

ವಿಚಾರಣೆ 2012ರ ಏಪ್ರಿಲ್ 16ರಿಂದ ಜೂನ್ 22ರವರೆಗೆ ನಡೆಯಿತು. ಐವರು ನ್ಯಾಯಾಧೀಶರು. ಇಬ್ಬರು ಕಾನೂನು ಓದಿದವರು, ವೆಂಕೆ ಎಲಿಜಬೆತ್ ಆರ್ನ್ಟ್ಜೆನ್ ಮತ್ತು ಆರ್ನೆ ಲಿಂಗ್. ಉಳಿದ ಮೂವರು ಸಾಮಾನ್ಯ ನಾಗರಿಕರು. ಆ ಮೂವರಲ್ಲಿ ಒಬ್ಬರು ಘಟನೆಯ ಮರುದಿನ ಫೇಸ್‌ಬುಕ್ಕಿನಲ್ಲಿ ಇವನಿಗೆ ಮರಣದಂಡನೆಯೇ ಸರಿ ಅಂತ ಬರೆದಿದ್ದರು. ಅದು ಗೊತ್ತಾದ ಕೂಡಲೇ ಅವರನ್ನು ಬಿಡಿಸಿ ಬೇರೆಯವರನ್ನು ಕೂರಿಸಿದರು. 77 ಜನರನ್ನು ಕೊಂದೆ ಅಂತ ತಾನೇ ಒಪ್ಪಿಕೊಂಡವನ ವಿಷಯದಲ್ಲೂ ಅಷ್ಟು ಎಚ್ಚರ. ಮೊದಲ ದಿನ ಸರ್ಕಾರಿ ವಕೀಲರು ಅವನ ಕೈ ಕುಲುಕಿದರು. ಅಲ್ಲಿನ ಪದ್ಧತಿಯಂತೆ. ಅದನ್ನು ನೋಡಿ ಲೋಕವೇ ಬೆರಗಾಯಿತು. ನನಗೂ ಮೊದಲು ಒಪ್ಪಿಗೆಯಾಗಲಿಲ್ಲ, ಈಗಲೂ ಪೂರ್ತಿ ಆಗಿಲ್ಲ. ಆ ಕೈ ಮಾಡಿದ್ದು ಗೊತ್ತಿದ್ದೂ ಹೇಗೆ ಕುಲುಕಿದರೋ.

ಆ ಮೊಕದ್ದಮೆಯಲ್ಲಿ ಎಲ್ಲ ತಿರುಗುಮುರುಗು. ಮಾಮೂಲಿಯಾಗಿ ಆರೋಪಿ ಕಡೆಯವರು ಹುಚ್ಚು ಅನ್ನುತ್ತಾರೆ, ಸರ್ಕಾರದವರು ಅಲ್ಲ ಅನ್ನುತ್ತಾರೆ. ಅಲ್ಲಿ ಸರ್ಕಾರಿ ವಕೀಲರಾದ ಸ್ವೆಯ್ನ್ ಹೋಲ್ಡೆನ್ ಮತ್ತು ಇಂಗಾ ಬೇಯರ್ ಎಂಗ್ ಅವನನ್ನು ಆಸ್ಪತ್ರೆಗೆ ಕಳಿಸಿ ಅಂತ ಕೇಳಿದರು. ಅವನ ವಕೀಲ ಗೈರ್ ಲಿಪ್ಪೆಸ್ಟಾಡ್ ತನ್ನ ಕಕ್ಷಿದಾರ ಸ್ವಸ್ಥ ಅಂತ ವಾದಿಸಿದರು. ಸರ್ಕಾರಿ ವಕೀಲರ ಮಾತು ಹೀಗಿತ್ತು: ನಮಗೆ ಅನುಮಾನ ಉಳಿದಿದೆ. ಕಾಯಿಲೆ ಇಲ್ಲದವನನ್ನು ಆಸ್ಪತ್ರೆಗೆ ಹಾಕುವುದಕ್ಕಿಂತ ಕಾಯಿಲೆ ಇರುವವನನ್ನು ಜೈಲಿಗೆ ಹಾಕುವುದೇ ದೊಡ್ಡ ತಪ್ಪು. ಈ ಮಾತು ನನಗೆ ತುಂಬಾ ಹಿಡಿಸಿತು. ಅವರ ಕೋರಿಕೆಯನ್ನು ಒಪ್ಪದಿದ್ದರೂ ಈ ಮಾತನ್ನು ಮರೆಯೋಕಾಗಲ್ಲ. ನನ್ನ ತಮ್ಮನಂಥವರನ್ನು ಕಾಯುವುದು ಇದೇ ಮಾತು.

ಆರೋಪಿಗೆ ಮಾತ್ರ ಆಸ್ಪತ್ರೆ ಬೇಡವಾಗಿತ್ತು. ಅದು ಸಾವಿಗಿಂತ ಕೀಳು ಅಂತ ಬರೆದಿದ್ದ. ಯಾಕೆ ಅಂತ ಊಹಿಸೋದು ಕಷ್ಟವಲ್ಲ. ಹುಚ್ಚ ಅಂತಾದರೆ ಅವನ 1,500 ಪುಟ ರದ್ದಿ.

ಕಾನೂನಿನ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಹಾಗಿಲ್ಲ. ನಮ್ಮ ಹಳೆಯ ಐಪಿಸಿ 84ನೇ ಸೆಕ್ಷನ್, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್, ಕೇಳೋದು ಇಷ್ಟು. ಬುದ್ಧಿ ಸ್ವಾಧೀನದಲ್ಲಿ ಇಲ್ಲದ್ದರಿಂದ ತಾನು ಮಾಡುತ್ತಿರುವುದೇನು ಅಂತ ಅವನಿಗೆ ತಿಳಿದಿರಲಿಲ್ಲವಾ? ಅಥವಾ ಅದು ತಪ್ಪು, ಕಾನೂನಿಗೆ ವಿರುದ್ಧ ಅಂತ ತಿಳಿದಿರಲಿಲ್ಲವಾ? ಇದರ ಬೇರು 1843ರ ಇಂಗ್ಲೆಂಡಿನ ಮೆಕ್‌ನಾಟನ್ ಮೊಕದ್ದಮೆಯಲ್ಲಿದೆ. ಬರೀ ಕಾಯಿಲೆ ಇದೆ ಅಂದರೆ ಇಲ್ಲಿ ಸಾಲದು. ನಾರ್ವೆಯಲ್ಲಿ ಆಗ ಬೇರೆ ಲೆಕ್ಕ. ಕೃತ್ಯದ ಹೊತ್ತಿನಲ್ಲಿ ಸೈಕೋಸಿಸ್ ಇತ್ತು ಅಂತಾದರೆ ಮುಗಿಯಿತು, ಶಿಕ್ಷೆ ಇಲ್ಲ. ಆ ಕಾಯಿಲೆಯಿಂದಲೇ ಕೊಲೆ ನಡೆಯಿತಾ ಅಂತ ಕೇಳುವ ಹಾಗೇ ಇರಲಿಲ್ಲ. ಹಾಗಾಗಿ ಇಡೀ ಭಾರ ವೈದ್ಯರ ಒಂದು ಪದದ ಮೇಲೆ ಬಿತ್ತು. ಆ ಅನುಭವದಿಂದ ಅವರು ಸಮಿತಿ ಮಾಡಿ, ವರ್ಷಗಟ್ಟಲೆ ಚರ್ಚಿಸಿ, 2020ರಲ್ಲಿ ಕಾನೂನನ್ನೇ ಬದಲಾಯಿಸಿದರು. ಈಗ ಕೊನೆಯ ತೂಕ ನ್ಯಾಯಾಧೀಶರ ಕೈಯಲ್ಲಿದೆ.

ಆದರೆ ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಆ ಕೋಣೆಯಲ್ಲಿ ಸತ್ತವರಿಗೆ ಕೊಟ್ಟ ಜಾಗದ ಬಗ್ಗೆ.

ಒಬ್ಬೊಬ್ಬರ ಮರಣೋತ್ತರ ಪರೀಕ್ಷೆಯ ವರದಿಯನ್ನೂ ಓದಿದರು. 77 ವರದಿ. ಒಂದು ಗೊಂಬೆಯನ್ನು ನಿಲ್ಲಿಸಿ, ಗುಂಡು ಎಲ್ಲಿ ಹೊಕ್ಕಿತು, ಎಲ್ಲಿ ಹೊರಬಂತು ಅಂತ ತೋರಿಸಿದರು. ಅಲ್ಲಿಗೆ ನಿಲ್ಲಿಸಲಿಲ್ಲ. ಪ್ರತಿ ವರದಿ ಮುಗಿದ ಮೇಲೆ ಆ ಹುಡುಗನದೋ ಹುಡುಗಿಯದೋ ಫೋಟೋ ಪರದೆ ಮೇಲೆ ಬರುತ್ತಿತ್ತು. ಮನೆಯವರು ಬರೆದುಕೊಟ್ಟ ನಾಲ್ಕು ಸಾಲನ್ನು ಓದುತ್ತಿದ್ದರು. ಈ ಮಗುವಿಗೆ ಏನು ಇಷ್ಟ, ಮುಂದೆ ಏನಾಗಬೇಕು ಅಂದುಕೊಂಡಿತ್ತು. ಆಮೇಲೆ ಮುಂದಿನವರು. ಹೀಗೆ ದಿನದ ಮೇಲೆ ದಿನ.

ಅದರ ಮಧ್ಯೆ ಮೇ 11ರಂದು, ತಮ್ಮನನ್ನು ಕಳೆದುಕೊಂಡ ಒಬ್ಬರು ಎದ್ದು ಶೂ ಬಿಚ್ಚಿ ಆರೋಪಿಯ ಕಡೆ ಎಸೆದರು. “ನನ್ನ ತಮ್ಮನನ್ನು ಕೊಂದೆ” ಅಂತ ಕೂಗಿದರು. ಶೂ ಅವನಿಗೆ ತಾಗಲಿಲ್ಲ, ವಕೀಲರಿಗೆ ತಾಗಿತು. ಜನ ಅತ್ತರು, ಕೆಲವರು ಚಪ್ಪಾಳೆ ತಟ್ಟಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮುಂದಿನ ವರದಿ ಓದೋಕೆ ಶುರು ಮಾಡಿದರು. ಅಷ್ಟು ತಾಳ್ಮೆ.

ಅಲ್ಲಿನ ಮಾಧ್ಯಮದವರೂ ಕೆಲವು ವಿಷಯದಲ್ಲಿ ಗೆರೆ ಎಳೆದಿದ್ದರು. ಆರೋಪಿಯ ಹೇಳಿಕೆಯನ್ನು ಟಿವಿಯಲ್ಲಿ ನೇರಪ್ರಸಾರ ಮಾಡಲು ನ್ಯಾಯಾಲಯ ಬಿಡಲಿಲ್ಲ, ಬರೆದು ತಿಳಿಸಲು ಅಡ್ಡಿ ಇರಲಿಲ್ಲ. ‘ದಾಗ್‌ಬ್ಲಾಡೆಟ್’ ಎಂಬ ದೊಡ್ಡ ಪತ್ರಿಕೆ ತನ್ನ ವೆಬ್‌ಸೈಟಿನಲ್ಲಿ ಒಂದು ಗುಂಡಿ ಇಟ್ಟಿತ್ತು. ಅದನ್ನು ಒತ್ತಿದರೆ ಆ ಮೊಕದ್ದಮೆಯ ಸುದ್ದಿಯೆಲ್ಲ ಪುಟದಿಂದ ಮಾಯವಾಗುತ್ತಿತ್ತು. ನೋಡೋಕೆ ಆಗದವರಿಗೆ ನೋಡದೇ ಇರುವ ದಾರಿ. ನಮ್ಮ ಮನೆಯಲ್ಲಿ ಆ ರಾತ್ರಿ ಅಂಥ ಒಂದು ಗುಂಡಿ ಇದ್ದಿದ್ದರೆ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ.

2012ರ ಆಗಸ್ಟ್ 24ರಂದು ತೀರ್ಪು ಬಂತು. ಐವರದೂ ಒಂದೇ ಮಾತು. ಅವನು ಸ್ವಸ್ಥ, ಮಾಡಿದ್ದಕ್ಕೆ ಅವನೇ ಹೊಣೆ. 21 ವರ್ಷದ ಬಂಧನ, ಆಮೇಲೂ ಅಪಾಯಕಾರಿ ಅನ್ನಿಸಿದರೆ ಅದನ್ನು ಮುಂದುವರಿಸುತ್ತಾ ಹೋಗಬಹುದು. ಮೊದಲ ವೈದ್ಯರು ಅವನ ಸಿದ್ಧಾಂತದ ಹಿನ್ನೆಲೆಯನ್ನು ಸರಿಯಾಗಿ ತೂಗಿ ನೋಡಲಿಲ್ಲ ಅಂತ ನ್ಯಾಯಾಲಯ ಹೇಳಿತು.

ತೀರ್ಪು ಕೇಳಿ ಅವನು ನಕ್ಕ. ಇನ್ನೂ ಜಾಸ್ತಿ ಜನರನ್ನು ಕೊಲ್ಲಲಾಗಲಿಲ್ಲ ಅಂತ ತನ್ನ ಕಡೆಯವರ ಕ್ಷಮೆ ಕೇಳೋಕೆ ಹೊರಟ. ನ್ಯಾಯಾಧೀಶೆ ಮಾತು ತಡೆದರು. ಅವನಿಗೆ ಬೇಕಾದದ್ದೇ ಸಿಕ್ಕಿತಲ್ಲ ಅಂತ ಕೆಲವರಿಗೆ ಬೇಸರ ಆಯಿತು. ನನಗೆ ಹಾಗನ್ನಿಸಲಿಲ್ಲ. ಅವನಿಗೆ ಖುಷಿಯಾಯಿತು ಅಂತ ನಿಜ ಸುಳ್ಳಾಗುತ್ತದಾ? ಅವನಿಗೆ ಉರಿಯಲಿ ಅಂತ ಹುಚ್ಚನ ಪಟ್ಟ ಕಟ್ಟಿದರೆ ಆ ಪಟ್ಟ ಹೊತ್ತು ಬದುಕುವವರು ಬೇರೆಯೇ ಇದ್ದಾರೆ.

ಹಾಗಂತ ಉತ್ತರ ಯಾವಾಗಲೂ ಇದೇ ಅಂತ ನೀವು ತಿಳಿಯಬಾರದು. 2021ರ ಅಕ್ಟೋಬರ್ 13ರಂದು ಅದೇ ನಾರ್ವೆಯ ಕೊಂಗ್ಸ್‌ಬರ್ಗ್ ಊರಿನಲ್ಲಿ ಒಬ್ಬ ಐವರನ್ನು ಕೊಂದ. ಅವನು ಇಸ್ಲಾಂಗೆ ಮತಾಂತರ ಆಗಿದ್ದ ಅಂತ ಪೊಲೀಸರು ಹೇಳಿದರು. ತಕ್ಷಣ ಲೋಕವೆಲ್ಲ ಧರ್ಮದ ಮಾತು. ತನಿಖೆ ಮುಂದುವರಿದ ಹಾಗೆ ಬೇರೆ ಚಿತ್ರ ಕಂಡಿತು. ಆ ಮನುಷ್ಯ ನಿಜವಾಗಿಯೂ ಕಾಯಿಲೆಯವನು. 2022ರ ಜೂನ್‌ನಲ್ಲಿ ನ್ಯಾಯಾಲಯ ಅವನನ್ನು ಕಡ್ಡಾಯ ಮಾನಸಿಕ ಚಿಕಿತ್ಸೆಗೆ ಕಳಿಸಿತು. ಅದೇ ತಿಂಗಳು ಓಸ್ಲೋದಲ್ಲಿ ಪ್ರೈಡ್ ಹಬ್ಬದ ರಾತ್ರಿ ಇನ್ನೊಬ್ಬ ಗುಂಡು ಹಾರಿಸಿ ಇಬ್ಬರನ್ನು ಕೊಂದ. ಅಲ್ಲೂ ವೈದ್ಯರಲ್ಲಿ ಒಮ್ಮತ ಇರಲಿಲ್ಲ. 2024ರ ಜುಲೈನಲ್ಲಿ ನ್ಯಾಯಾಲಯ ಅವನನ್ನು ಹೊಣೆಗಾರ ಅಂತ ತೀರ್ಮಾನಿಸಿ 30 ವರ್ಷ ವಿಧಿಸಿತು. ಒಂದೇ ದೇಶ, ಮೂರು ಮೊಕದ್ದಮೆ. ಯಾವುದಕ್ಕೂ ಮೊದಲ ರಾತ್ರಿ ಉತ್ತರ ಇರಲಿಲ್ಲ.

ಕಾಯಿಲೆಯವರು ಯಾವತ್ತೂ ಕೊಲ್ಲಲ್ಲ ಅಂತ ನಾನು ಸುಳ್ಳು ಹೇಳಲಾರೆ. ಕೊಂಗ್ಸ್‌ಬರ್ಗ್ ನಡೆದಿದೆ. ಅಂಥ ಸುದ್ದಿ ಓದಿದಾಗ ನನ್ನ ಎದೆಯೂ ಡವಡವ ಅನ್ನುತ್ತದೆ. ಆದರೆ ಅದು ಗೊತ್ತಾಗಬೇಕಾದದ್ದು ಪರೀಕ್ಷೆಯಿಂದ, ವಿಚಾರಣೆಯಿಂದ. ಕೆಂಪು ಪಟ್ಟಿಯಿಂದ ಅಲ್ಲ.

ನಿಮ್ಮಲ್ಲಿ ಕೇಳುವುದು ಜಾಸ್ತಿ ಏನಿಲ್ಲ. ಕಾರಣ ಇನ್ನೂ ಗೊತ್ತಿಲ್ಲ ಅಂತ ಬರೆಯೋಕೆ ನಾಚಬೇಡಿ. ಓದುವವರು ಸಿಟ್ಟಾಗಲ್ಲ. ‘ಹುಚ್ಚ’, ‘ಮೆಂಟಲ್’, ‘ಸೈಕೋ’ ಈ ಪದಗಳನ್ನು ಕೊಲೆಗಾರನ ಹೆಸರಿನ ಪಕ್ಕದಿಂದ ತೆಗೆದುಬಿಡಿ. ಕಾಯಿಲೆ ಇರೋದು ನ್ಯಾಯಾಲಯದಲ್ಲಿ ಸಾಬೀತಾದರೆ ಕಾಯಿಲೆಯ ಹೆಸರು ಬರೆಯಿರಿ, ಡಾಕ್ಟರು ಏನಂದರು ಬರೆಯಿರಿ. ಧರ್ಮದ ಹೆಸರಲ್ಲಿ ಮಾಡಿದ್ದರೆ ಅದನ್ನೂ ಬರೆಯಿರಿ. ಅವನೇ ಹಾಗೆ ಹೇಳಿಕೊಂಡಿದ್ದಾನಾ, ಬೇರೆಯವರು ಹೇಳಿದ್ದಾ ಅನ್ನೋದನ್ನು ಬಿಡಿಸಿ ಬರೆಯಿರಿ. ಅವನು ಯಾವ ಮಾತುಗಳನ್ನು ಓದಿ ಬೆಳೆದ, ಆ ಮಾತು ನಮ್ಮ ನಡುವೆಯೂ ಇದೆಯಾ ಅಂತ ಹುಡುಕಿ. ಆ ಕೆಲಸಕ್ಕೆ ವರದಿಗಾರರನ್ನು ಹಚ್ಚಿ. ನಿಮ್ಮ ಸ್ಟುಡಿಯೋದ ಚರ್ಚೆಗಿಂತ ಅದು ಕಷ್ಟದ ಕೆಲಸ, ಗೊತ್ತು.

ಇನ್ನೊಂದು ಮಾತು. ಮೊದಲ ದಿನ ಎಷ್ಟು ದೊಡ್ಡ ಅಕ್ಷರದಲ್ಲಿ ಬರೆದಿರೋ, ಉತ್ತರ ಸಿಕ್ಕ ದಿನವೂ ಅಷ್ಟೇ ದೊಡ್ಡದಾಗಿ ಬರೆಯಿರಿ. 2011ರ ನವೆಂಬರ್‌ನ ಆ ವರದಿ ನಮ್ಮ ಮನೆಗೆ ಬರುವ ಪತ್ರಿಕೆಯಲ್ಲಿ ಮುಖಪುಟದಲ್ಲಿತ್ತು. 2012ರ ಆಗಸ್ಟ್‌ನ ತೀರ್ಪು ಒಳಪುಟದಲ್ಲಿ, ಒಂದು ಜಾಹೀರಾತಿನ ಪಕ್ಕದಲ್ಲಿ, ಬೆರಳುದ್ದ ಇತ್ತು. ಎರಡನ್ನೂ ಕತ್ತರಿಸಿ ಇಟ್ಟಿದ್ದೇನೆ.

ಆ ಬೆರಳುದ್ದದ ಸುದ್ದಿಯನ್ನು ತಮ್ಮನಿಗೆ ಓದಿ ಹೇಳಿದೆ. ಅವನು ಜಗುಲಿ ಮೇಲೆ ಕೂತು ಕಾಯಿ ಎಣಿಸುತ್ತಿದ್ದ. ಎಣಿಕೆ ತಪ್ಪಬಾರದು ಅಂತ ಬೆರಳು ಮಡಿಸಿ ಹಿಡಿದುಕೊಂಡು ಕೇಳಿದ.

“ಹಾಗಾದ್ರೆ ಅವನಿಗೆ ಈ ಕಾಯಿಲೆ ಇರಲಿಲ್ವಾ?”

“ಇರಲಿಲ್ಲ ಅಂತ ಕೋರ್ಟು ಹೇಳಿದೆ.”

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಟಿವಿಯವರಿಗೆ ಇದು ಗೊತ್ತಾ ಅಕ್ಕ?” ಅಂದ.

ಗೊತ್ತಾಗಲಿ ಅಂತ ಬರೆದಿದ್ದೇನೆ. ಮಚ್ಚು ಇನ್ನೂ ಅಮ್ಮನ ಬೀರುವಿನಲ್ಲೇ ಇದೆ. ಅವನು ಇವತ್ತಿನವರೆಗೂ ಅದನ್ನು ವಾಪಸ್ ಕೇಳಿಲ್ಲ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು, ಅವನ ಅಕ್ಕ